ಫ್ರೇಸಲ್ ವರ್ಬ್‌ಗೆ ಯಾವ ನಿಘಂಟು ಆಗಿಬರುತ್ತದೆ? ಸಿರಸಿ–ಕಾರವಾರದ ಬಳಕೆಗೆ ಒಂದು ವಿಮರ್ಶೆ

ಸಿರಸಿ ಕಡೆಯ ಒಂದು ಹೋಮ್‌ಸ್ಟೇಗೆ ಹೊರರಾಜ್ಯದ ಅತಿಥಿ ಹೀಗೊಂದು ಮೆಸೇಜು ಕಳಿಸಿದರು ಎಂದಿಟ್ಟುಕೊಳ್ಳಿ: ‘ವೀ ಹ್ಯಾಡ್ ಟು ಪುಟ್ ಆಫ್ ದ ಟ್ರಿಪ್, ದ ರೇನ್ ವುಡಂಟ್ ಲೆಟ್ ಅಪ್. ಕ್ಯಾನ್ ಯು ಪುಟ್ ಅಸ್ ಅಪ್ ನೆಕ್ಸ್ಟ್ ವೀಕೆಂಡ್?’ ಪುಟ್, ಲೆಟ್, ಆಫ್, ಅಪ್ ಎಲ್ಲವೂ ಪ್ರಾಥಮಿಕ ಶಾಲೆಯಲ್ಲೇ ಬಂದುಹೋದ ಪದಗಳು. ಬಿಡಿಬಿಡಿಯಾಗಿ ಅವೆಲ್ಲ ಗೊತ್ತಿದ್ದರೂ, ಪ್ರವಾಸ ಮುಂದೂಡಿದ್ದು, ಮಳೆ ಹೊಳವಾಗದೇ ಇದ್ದದ್ದು, ಉಳಿಯಲು ಜಾಗ ಕೇಳಿದ್ದು ಇವುಗಳಲ್ಲಿ ಯಾವುದೂ ಆ ಪದಗಳಿಂದ ಹೊಳೆಯುವುದಿಲ್ಲ. ಕ್ರಿಯಾಪದದ ಜೊತೆ ಅಪ್, ಆಫ್, ಔಟ್, ಇನ್, ಡೌನ್, ಓವರ್ ಇತ್ಯಾದಿ ಸೇರಿ ಬೇರೆಯದೇ ಅರ್ಥ ಕೊಡುವ ಈ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂಬ ಹೆಸರು 1925ರ ಹೊತ್ತಿಗೆ ಬಂತು. ತೊಂದರೆ ಮಾತ್ರ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಇವೇ ಎಂದು ಬರೆದಿದ್ದಾನೆ.

ಇವನ್ನು ಹುಡುಕಲು ಸದ್ಯ ಪುಕ್ಕಟೆ ಸಿಗುವ ನಿಘಂಟು ಜಾಲತಾಣಗಳು, ನಿಜವಾಗಿ ಬರೆದ, ಆಡಿದ ಇಂಗ್ಲಿಷಿನ ಕೋಟಿಗಟ್ಟಲೆ ಪದಗಳನ್ನು ಕೂಡಿಹಾಕಿ ಬಳಕೆಯನ್ನು ತೋರಿಸುವ ಕಾರ್ಪಸ್‌ಗಳು, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿ ಕೊಡುವ ಪಟ್ಟಿಗಳು, ಎರಡು ಮುದ್ರಿತ ಪುಸ್ತಕಗಳು ಈ ವಿಮರ್ಶೆಯಲ್ಲಿವೆ. ಗಮನದಲ್ಲಿಟ್ಟುಕೊಂಡ ಓದುಗರು: ಗೋಕರ್ಣ, ಮುರ್ಡೇಶ್ವರ, ದಾಂಡೇಲಿ, ಯಾಣದ ಸುತ್ತ ಪ್ರವಾಸಿಗರ ಜೊತೆ ವ್ಯವಹರಿಸುವವರು, ಕಾರವಾರದ ಕಚೇರಿಗಳಲ್ಲಿ ಇಂಗ್ಲಿಷ್ ಪತ್ರ ಬರೆಯುವವರು, ಬ್ಯಾಂಕ್ ಪರೀಕ್ಷೆಗೆ ಕೂತವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್ ಎಂಬ ಕ್ರಮದಲ್ಲಿ ಬಂದವರೂ ಇವರಲ್ಲಿ ಬಹಳ ಮಂದಿ.

ಒಂದು ನಿಘಂಟಿನಲ್ಲಿ ಎಷ್ಟು ಸಾವಿರ ಜೋಡಿಗಳಿವೆ ಎಂಬುದಕ್ಕೆ ಇಲ್ಲಿ ಅಂಕವೇ ಇಲ್ಲ. ‘ಇಟ್’ (ಅದನ್ನು) ಎಂಬ ಪದ ಜೋಡಿಯ ನಡುವೆ ಕೂರಬೇಕೋ ಕೊನೆಯಲ್ಲೋ ಎಂದು ಅದು ಹೇಳುತ್ತದೆಯೇ ಎಂಬುದಕ್ಕೆ ಅಂಕ.

‘ಇಟ್’ ಎಲ್ಲಿ ಕೂರುತ್ತದೆ

ಕನ್ನಡದಲ್ಲೂ ಜೋಡಿ ಕ್ರಿಯೆಗಳು ಬೇಕಾದಷ್ಟಿವೆ: ಬಿಟ್ಟುಕೊಡು, ಎತ್ತಿಹಿಡಿ, ತೆಗೆದುಹಾಕು, ತಿಂದುಬಿಡು, ಮಾಡಿನೋಡು. ಅರ್ಥ ಬಿಡಿಪದಗಳಿಂದ ನೇರವಾಗಿ ಬರುವುದಿಲ್ಲ ಎಂಬ ಮಾತು ನಮಗೇನೂ ಹೊಸದಲ್ಲ. ‘ಈಟ್ ಅಪ್’ನ ಅಪ್ ಮಾಡುವ ಕೆಲಸವನ್ನು ‘ತಿಂದುಬಿಡು’ವಿನ ಬಿಡು ಮಾಡುತ್ತದೆ, ಕೆಲಸ ಪೂರ್ತಿ ಆಯಿತು ಎನ್ನುವುದು ಎರಡರದ್ದೂ ತಾತ್ಪರ್ಯ. ಆದರೆ ನಮ್ಮ ಜೋಡಿಯ ನಡುವೆ ಕರ್ಮಪದ ನುಗ್ಗುವುದಿಲ್ಲ. ‘ಅದನ್ನು ಬಿಟ್ಟುಕೊಟ್ಟ’ ಸರಿ, ‘ಬಿಟ್ಟು ಅದನ್ನು ಕೊಟ್ಟ’ ಎಂದರೆ ಅರ್ಥವೇ ಬೇರೆ. ಇಂಗ್ಲಿಷಿನಲ್ಲಿ ಅದು ನುಗ್ಗುತ್ತದೆ, ಕೆಲವೆಡೆ ನುಗ್ಗಲೇಬೇಕು, ಕೆಲವೆಡೆ ನುಗ್ಗಕೂಡದು. ಕನ್ನಡದ ಕಿವಿಗೆ ಇಲ್ಲಿ ಯಾವ ಸುಳಿವೂ ಸಿಗುವುದಿಲ್ಲ, ಆದ್ದರಿಂದ ನಿಘಂಟೇ ಹೇಳಬೇಕು.

ಪುಟ್ ಆಫ್ ಎಂಬುದರಲ್ಲಿ ‘ಪುಟ್ ಆಫ್ ದ ಮೀಟಿಂಗ್’ ಮತ್ತು ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಮೀಟಿಂಗ್ ತೆಗೆದು ಇಟ್ ಹಾಕಿದರೆ ಒಂದೇ ದಾರಿ: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ಕರ್ಮಪದ ಉದ್ದವಾಗಿದ್ದರೆ (‘ಮುಂದಿನ ತಿಂಗಳ ಹತ್ತಕ್ಕೆ ಕರೆದಿದ್ದ ಸಂಘದ ವಾರ್ಷಿಕ ಸಭೆ’ ಎನ್ನುವಷ್ಟು) ಅದು ಕೊನೆಗೆ ಹೋಗುತ್ತದೆ. ನಡುವೆ ತುರುಕಿದರೆ ಆಫ್ ಬರುವ ಹೊತ್ತಿಗೆ ಓದುಗ ಪುಟ್ ಮರೆತಿರುತ್ತಾನೆ. ಲುಕ್ ಆಫ್ಟರ್ (ನೋಡಿಕೊಳ್ಳು) ಇದಕ್ಕೆ ವಿರುದ್ಧ. ‘ಲುಕ್ ಆಫ್ಟರ್ ಇಟ್’ ಮಾತ್ರ ಸರಿ, ‘ಲುಕ್ ಇಟ್ ಆಫ್ಟರ್’ ಇಲ್ಲ. ಮೂರನೆಯ ಬಗೆಗೆ ಉದಾಹರಣೆ ಗೆಟ್ ಡೌನ್, ಮನಸ್ಸು ಕುಗ್ಗಿಸು ಎಂಬ ಅರ್ಥದಲ್ಲಿ: ‘ದಿಸ್ ರೇನ್ ಗೆಟ್ಸ್ ಮಿ ಡೌನ್’. ಇಲ್ಲಿ ವ್ಯಕ್ತಿ ನಡುವೆಯೇ ಇರಬೇಕು. ಇನ್ನು ಕರ್ಮಪದವೇ ಬೇಡದವು: ಲೆಟ್ ಅಪ್, ಬಂದು ಕಾಣಿಸಿಕೊಳ್ಳು ಎಂಬರ್ಥದ ಟರ್ನ್ ಅಪ್. ಮೂರು ಪದದವು ಬೇರೆ: ಪುಟ್ ಅಪ್ ವಿತ್ (ಸಹಿಸಿಕೊಳ್ಳು), ಲುಕ್ ಫಾರ್ವರ್ಡ್ ಟು (ಎದುರುನೋಡು). ಇವುಗಳಲ್ಲಿ ಕರ್ಮಪದ ಕೊನೆಗೆ. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ಕ್ರಿಯೆ ಬಂದರೆ ‘ಮೀಟ್’ ಅಲ್ಲ, ‘ಮೀಟಿಂಗ್’. ಅಲ್ಲಿನ ಟು ಎನ್ನುವುದು ‘ಐ ವಾಂಟ್ ಟು ಗೋ’ದಲ್ಲಿನ ಟು ಅಲ್ಲ ಎಂಬುದನ್ನು ಯಾರೂ ಹೇಳಿಕೊಡದೇ ಇರುವುದರಿಂದ ಅರ್ಜಿಯ ಕೊನೆಯ ಸಾಲಿನಲ್ಲೇ ತಪ್ಪು ಬೀಳುತ್ತದೆ.

ಹಳೆಯ ವ್ಯಾಕರಣ ಪಾಠಗಳಲ್ಲಿ ಬರುವ ಒಂದು ಜೋಡಿ ಇನ್ನೂ ಒಳ್ಳೆಯ ಪರೀಕ್ಷೆ. ‘ರ‍್ಯಾನ್ ಅಪ್ ಎ ಹಿಲ್’ ಎಂದರೆ ಗುಡ್ಡ ಓಡಿ ಹತ್ತಿದ. ‘ರ‍್ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಸಾಲ ಬೆಳೆಸಿದ. ಇಟ್ ಹಾಕಿದ ತಕ್ಷಣ ಎರಡೂ ಬೇರೆಯಾಗುತ್ತವೆ: ಗುಡ್ಡಕ್ಕೆ ‘ರ‍್ಯಾನ್ ಅಪ್ ಇಟ್’, ಬಿಲ್ಲಿಗೆ ‘ರ‍್ಯಾನ್ ಇಟ್ ಅಪ್’. ಗುಡ್ಡದ ಅಪ್ ಪ್ರಿಪೊಸಿಷನ್, ಬಿಲ್ಲಿನ ಅಪ್ ಕ್ರಿಯೆಗೆ ಅಂಟಿದ ಅಡ್ವರ್ಬ್. ಉಚ್ಚಾರದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದರ ಮೇಲೂ ಕೆಲವರು ಗುರುತಿಸುತ್ತಾರೆ: ‘ಟರ್ನ್ ಇಟ್ ಆಫ್’ನಲ್ಲಿ ಒತ್ತು ಆಫ್ ಮೇಲೆ, ‘ಲುಕ್ ಅಟ್ ಇಟ್’ನಲ್ಲಿ ಲುಕ್ ಮೇಲೆ. ಆದರೆ ಲುಕ್ ಆಫ್ಟರ್‌ನಲ್ಲಿ ಆಫ್ಟರ್ ಮೇಲೂ ಒತ್ತು ಬೀಳುವುದರಿಂದ ಈ ಉಪಾಯ ಅಲ್ಲಿ ಕೈಕೊಡುತ್ತದೆ. ಇಟ್ ಪರೀಕ್ಷೆ ಕೈಕೊಡುವುದು ಕಡಿಮೆ.

ಆಕ್ಸ್‌ಫರ್ಡ್ ಮತ್ತು ಲಾಂಗ್‌ಮನ್: ಬಾಣ ನೋಡಿ

ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ತಾಣದಲ್ಲೂ ಲಾಂಗ್‌ಮನ್ ತಾಣದಲ್ಲೂ ಶೀರ್ಷಿಕೆಯಲ್ಲೇ ಉತ್ತರ ಇರುತ್ತದೆ. ‘ಪುಟ್ ಸಮ್‌ಥಿಂಗ್ ಆಫ್’ ಎಂದು ಬರೆದು ಸಮ್‌ಥಿಂಗ್ ಮತ್ತು ಆಫ್ ನಡುವೆ ಎರಡೂ ಕಡೆ ಮೊನೆಯಿರುವ ಸಣ್ಣ ಬಾಣ ಹಾಕಿರುತ್ತಾರೆ. ಬಾಣ ಇದ್ದರೆ ಕರ್ಮಪದ ಅತ್ತಿತ್ತ ಸರಿಯಬಲ್ಲದು. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಬಾಣವಿಲ್ಲದೆ ಕೊನೆಯಲ್ಲಿ ಇದ್ದರೆ ಕೊನೆಯಲ್ಲೇ ಬರಬೇಕು. ‘ಗೆಟ್ ಸಮ್‌ಬಡಿ ಡೌನ್’ ಎಂದು ಬಾಣವಿಲ್ಲದೆ ನಡುವೆ ಇದ್ದರೆ ನಡುವೆಯೇ. ಸಮ್‌ಬಡಿ, ಸಮ್‌ಥಿಂಗ್ ಎಂಬ ಎರಡು ಪದಗಳೂ ಸುಮ್ಮನೆ ಇಟ್ಟದ್ದಲ್ಲ. ಪುಟ್ ಸಮ್‌ಥಿಂಗ್ ಆಫ್ ಎಂದರೆ ಕೆಲಸ ಮುಂದೂಡು. ಪುಟ್ ಸಮ್‌ಬಡಿ ಆಫ್ ಎಂದರೆ ಒಬ್ಬರಿಗೆ ಮನಸ್ಸು ಮುರಿಯುವಂತೆ ಮಾಡು, ಇಲ್ಲವೇ ಗಮನ ಕೆಡಿಸು. ‘ದ ಸ್ಮೆಲ್ ಪುಟ್ ದೆಮ್ ಆಫ್’ ಎಂದು ಅತಿಥಿ ಒಣಮೀನಿನ ಬಗ್ಗೆ ಬರೆದರೆ ಊಟವನ್ನು ಮುಂದೂಡಿದರು ಎಂದು ಓದಿಕೊಳ್ಳಬಾರದು. ವಾಸನೆಗೆ ಊಟವೇ ಬೇಡವಾಯಿತು ಎಂದರ್ಥ. ಈ ಗುರುತುಗಳನ್ನು ನೋಡದೆ ನೇರವಾಗಿ ಅರ್ಥದ ಸಾಲಿಗೆ ಹಾರುವುದು ಬಹುಪಾಲು ಬಳಕೆದಾರರ ಅಭ್ಯಾಸ. ಆ ಅಭ್ಯಾಸ ಇರುವವರೆಗೆ ಯಾವ ನಿಘಂಟು ತೆರೆದರೂ ಅಷ್ಟೇ.

ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳುವುದಾದರೆ ಫೋನಿನಲ್ಲಿ ಓದುವವರಿಗೆ ಆಕ್ಸ್‌ಫರ್ಡ್ ಅನುಕೂಲ. ಪುಟ್ ಪುಟದ ಕೊನೆಯಲ್ಲಿ ಜೋಡಿಗಳ ಕೊಂಡಿಗಳಿವೆ, ಪ್ರತಿಯೊಂದಕ್ಕೂ ಬೇರೆ ಪುಟ. ಒತ್ತಿನ ಗುರುತೂ ಇದೆ: ಮೇಲೆ ಹಾಕಿದ ಸಣ್ಣ ಗೆರೆಯ ನಂತರದ ಅಕ್ಷರಭಾಗ ಮುಖ್ಯ ಒತ್ತು, ಕೆಳಗಿನ ಗೆರೆ ಎರಡನೇ ಒತ್ತು. ಬ್ರಿಟಿಷ್, ಅಮೆರಿಕನ್ ಬಳಕೆ ಬೇರೆಯಾದಲ್ಲಿ ಹೇಳುತ್ತದೆ. ಅರ್ಜಿ ತುಂಬುವುದಕ್ಕೆ ಬ್ರಿಟನ್ನಿನಲ್ಲಿ ಫಿಲ್ ಇನ್, ಅಮೆರಿಕದಲ್ಲಿ ಹೆಚ್ಚಾಗಿ ಫಿಲ್ ಔಟ್. ನಮ್ಮ ಕಚೇರಿಗಳ ಕಿಟಕಿಯಲ್ಲಿ ಕೇಳಿಬರುವ ‘ಫಿಲ್ ಅಪ್ ದ ಫಾರ್ಮ್’ ಹೊರಗಿನವರಿಗೆ ಅರ್ಥವಾಗುತ್ತದೆ, ಆದರೆ ಅವರ ಕಿವಿಗೆ ಫಿಲ್ ಅಪ್ ಎಂದರೆ ಟ್ಯಾಂಕಿಗೆ ಪೆಟ್ರೋಲ್ ಹಾಕಿಸುವುದು.

ಲಾಂಗ್‌ಮನ್ ಪುಟ ಉದ್ದ. ಪುಟ್, ಗೆಟ್, ಟೇಕ್‌ನಂಥ ಕ್ರಿಯೆಗಳ ಜೋಡಿಗಳೆಲ್ಲ ಮೂಲ ಪದದ ಪುಟದಲ್ಲೇ ಕೆಳಗೆ ಸಾಲಾಗಿ ಬರುತ್ತವೆ, ಬೆರಳು ನೋಯುವಷ್ಟು ಸರಿಸಬೇಕು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಸಿಗ್ನಲ್ಲು ಒಂದು ಕಡ್ಡಿಗೆ ಇಳಿದಾಗ ಉದ್ದದ ಪುಟ ತೆರೆದುಕೊಳ್ಳಲು ಹೊತ್ತು ತಗಲುತ್ತದೆ. ಆದರೆ ಒಮ್ಮೆ ತೆರೆದುಕೊಂಡರೆ ಕಾರ್ಪಸ್‌ನಿಂದ ತೆಗೆದ ಹೆಚ್ಚುವರಿ ವಾಕ್ಯಗಳೂ ಅಲ್ಲೇ ಸಿಗುತ್ತವೆ. ಬರೆದು ಕೂರುವವರಿಗೆ ಇದು ಉಪಯೋಗ. ಕಂಪ್ಯೂಟರಿನಲ್ಲಿ ಲಾಂಗ್‌ಮನ್, ಫೋನಿನಲ್ಲಿ ಆಕ್ಸ್‌ಫರ್ಡ್ ಎಂದುಕೊಂಡರೆ ನಡೆಯುತ್ತದೆ.

ಹುಡುಕುವಾಗಿನ ಒಂದು ಸೂಕ್ಷ್ಮ: ‘ಪುಟ್ ಇಟ್ ಆಫ್’ ಎಂದು ಇಡಿಯಾಗಿ ಟೈಪು ಮಾಡಬೇಡಿ. ನಡುವಿನ ಪದ ತೆಗೆದು, ಕ್ರಿಯೆಯನ್ನು ಮೂಲ ರೂಪಕ್ಕೆ ತಂದು (ಟುಕ್ ಇದ್ದರೆ ಟೇಕ್, ರ‍್ಯಾನ್ ಇದ್ದರೆ ರನ್) ಎರಡೇ ಪದ ಹಾಕಿ. ಮೂರನೆಯ ಪದ ಇದ್ದಾಗ ಎರಡು ಪದದ ಪುಟದಲ್ಲಿ ನಿಂತುಬಿಡಬೇಡಿ. ಪುಟ್ ಅಪ್‌ಗೂ ಪುಟ್ ಅಪ್ ವಿತ್‌ಗೂ ಸಂಬಂಧವಿಲ್ಲ, ಮೊದಲನೆಯದು ಉಳಿಸಿಕೊಳ್ಳುವುದು, ಗೋಡೆಗೆ ಹಚ್ಚುವುದು, ಕಟ್ಟುವುದು, ಎರಡನೆಯದು ಸಹಿಸಿಕೊಳ್ಳುವುದು.

ಕಾಲಿನ್ಸ್ ಕೋಬಿಲ್ಡ್: ಅರ್ಥ ಹೇಳುವುದರಲ್ಲಿ ಮುಂದು

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಸಿದ್ಧವಾಗಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಅರ್ಥವನ್ನು ಪೂರ್ಣ ವಾಕ್ಯದಲ್ಲಿ ಕೊಡುವ ಪದ್ಧತಿ ತಂದಿತು. ಕಾಲಿನ್ಸ್ ತಾಣದಲ್ಲಿ ಈಗಲೂ ಅದೇ ಕ್ರಮ. ಲೆಟ್ ಅಪ್ ಎಂದರೆ ‘ಕಡಿಮೆಯಾಗು’ ಎಂದಷ್ಟೇ ಹೇಳಿ ಬಿಡುವುದಿಲ್ಲ. ಎಡೆಬಿಡದೆ ನಡೆದಿದ್ದ ಹಿತವಲ್ಲದ ಸಂಗತಿಯೊಂದು ನಿಂತರೆ ಅಥವಾ ಇಳಿದರೆ ಅದು ಲೆಟ್ ಅಪ್ ಎನ್ನುವ ಧಾಟಿಯಲ್ಲಿ ವಿವರಿಸುತ್ತದೆ. ಅಷ್ಟು ಗೊತ್ತಾದರೆ ಮಳೆಗೆ, ನೋವಿಗೆ, ಕೆಲಸದ ಒತ್ತಡಕ್ಕೆ ಇದನ್ನು ಬಳಸಬಹುದು, ಅಡಿಕೆ ದರ ಇಳಿಯಿತು ಎನ್ನಲು ಬಳಸಬಾರದು ಎಂದು ತಾನೇ ತಿಳಿಯುತ್ತದೆ. ದರ ಇಳಿದರೆ ಕಮ್ ಡೌನ್ ಅಥವಾ ಗೋ ಡೌನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಕಿಂಗ್ ಬಗ್ಗೆ ಉತ್ತರ ಬರೆಯುವವರಿಗೆ ಲೆಟ್ ಅಪ್ ಜೊತೆ ಇನ್ನೆರಡು ಬೇಕಾಗುತ್ತವೆ: ರಸ್ತೆ ಸಂಪರ್ಕ ತಪ್ಪಿದಾಗ ‘ಬೀ ಕಟ್ ಆಫ್’ (‘ದ ವಿಲೇಜ್ ಈಸ್ ಕಟ್ ಆಫ್’ ಎಂದು ಹೆಚ್ಚಾಗಿ ಕರ್ಮಣಿಯಲ್ಲೇ), ಕರೆಯಲ್ಲಿ ದನಿ ಒಡೆದು ಬಂದಾಗ ‘ಯು ಆರ್ ಬ್ರೇಕಿಂಗ್ ಅಪ್’. ಎರಡನೆಯದನ್ನು ಪ್ರೇಮಿಗಳು ಬೇರೆಯಾದ ಅರ್ಥದಲ್ಲಷ್ಟೇ ಕಲಿತವರು ಗಾಬರಿಯಾಗುವುದುಂಟು.

ಕಾಲಿನ್ಸ್‌ನಲ್ಲಿ ಬಾಣದ ಬದಲು ಉದಾಹರಣೆಯ ಪಕ್ಕ ಆವರಣದಲ್ಲಿ ಮಾದರಿ ಕೊಡುತ್ತಾರೆ: ವರ್ಬ್, ಪಾರ್ಟಿಕಲ್ (ಅಪ್, ಆಫ್ ಥರದ ಕಿರುಪದ), ನೌನ್ ಯಾವ ಕ್ರಮದಲ್ಲಿ ಬಂದಿವೆ, ಬೇರೆ ಕ್ರಮವೂ ನಡೆಯುತ್ತದೆಯೇ ಎಂದು. ಬಾಣದಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲವಾದರೂ ಹೆಚ್ಚು ಹೇಳುತ್ತದೆ. ಪುಟ್ ಆಫ್ ನಂತರ ಇನ್ನೊಂದು ಕ್ರಿಯೆ ಬಂದರೆ ಅದು ‘ಗೋಯಿಂಗ್’ ರೂಪದಲ್ಲಿರಬೇಕು, ‘ಟು ಗೋ’ ಅಲ್ಲ ಎಂಬುದು ಇಂಥ ಮಾದರಿಯಿಂದ ತಕ್ಷಣ ಸಿಗುತ್ತದೆ. ಪುಟದಲ್ಲಿ ಕೋಬಿಲ್ಡ್ ಆದಮೇಲೆ ಕಾಲಿನ್ಸ್‌ನ ಬೇರೆ ಬ್ರಿಟಿಷ್, ಅಮೆರಿಕನ್ ನಿಘಂಟುಗಳ ಭಾಗವೂ ಬರುತ್ತದೆ. ಅವು ಇಂಗ್ಲಿಷ್ ಮನೆಮಾತಿನವರಿಗೆ ಬರೆದವು, ಕಲಿಯುವವರು ಅಲ್ಲಿಗೆ ಇಳಿಯಬೇಕಿಲ್ಲ.

ಕೇಂಬ್ರಿಜ್ ತಾಣದ ಬಲ ಬೇರೆ ಕಡೆ. ಹಲವು ಅರ್ಥಗಳ ಪಕ್ಕ ಎ1ರಿಂದ (ಆರಂಭಿಕರ ಹಂತ) ಸಿ2ವರೆಗಿನ (ಅತಿ ಮೇಲಿನ ಹಂತ) ಮಟ್ಟದ ಗುರುತು ಇರುವುದರಿಂದ ಯಾವುದನ್ನು ಮೊದಲು ಕಲಿಯಬೇಕು ಎಂದು ಶಿಕ್ಷಕರು ಆರಿಸಬಹುದು. ಬಾಣ ಬಳಸುವುದಿಲ್ಲ. ಉದಾಹರಣೆ ಓದಿಯೇ ಜಾಗ ತಿಳಿಯಬೇಕು.

ನಿಘಂಟು ಮುಗಿಯುವಲ್ಲಿ ಕಾರ್ಪಸ್

ಇಂಗ್ಲಿಷ್–ಕಾರ್ಪೊರಾ ಎಂಬ ತಾಣಕ್ಕೆ ಇಮೇಲ್ ಕೊಟ್ಟು ನೋಂದಾಯಿಸಿದರೆ ಪುಕ್ಕಟೆಯಾಗಿ ದಿನಕ್ಕೆ ಮಿತಿಯಷ್ಟು ಹುಡುಕಬಹುದು. 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್, 100 ಕೋಟಿಗೂ ಹೆಚ್ಚು ಪದಗಳ ಅಮೆರಿಕನ್ ಕಾರ್ಪಸ್ ಕೋಕಾ ಅಲ್ಲಿವೆ. ನಮಗೆ ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಗ್ಲೋಬ್ ಎಂದು ಕರೆಯುವ ಮೂರನೆಯದು: 20 ದೇಶಗಳ ಜಾಲತಾಣಗಳಿಂದ ಆಯ್ದ 190 ಕೋಟಿ ಪದಗಳು, ಭಾರತದ್ದೂ ಸೇರಿ. ಚಾರ್ಟ್ ಆಯ್ಕೆ ಒತ್ತಿದರೆ ಒಂದೊಂದು ದೇಶಕ್ಕೂ ಒಂದೊಂದು ಕಂಬ.

‘ಕೋಪ್ ಅಪ್ ವಿತ್’ ಹಾಕಿ ನೋಡಿ. ಭಾರತ, ಪಾಕಿಸ್ತಾನ, ಶ್ರೀಲಂಕಾದ ಕಡೆ ಕಂಬ ಏಳುತ್ತದೆ, ಬ್ರಿಟನ್ ಅಮೆರಿಕದಲ್ಲಿ ನೆಲಕ್ಕಂಟಿರುತ್ತದೆ. ಅಲ್ಲಿ ಬಳಕೆಯಲ್ಲಿರುವುದು ಕೋಪ್ ವಿತ್ (ನಿಭಾಯಿಸು) ಮಾತ್ರ. ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್, ಪುಟ್ ಅಪ್ ವಿತ್ ಇವುಗಳ ಸಹವಾಸದಿಂದ ಕೋಪ್‌ಗೂ ಅಪ್ ಅಂಟಿಕೊಂಡಂತೆ ಕಾಣುತ್ತದೆ. ‘ಡಿಸ್ಕಸ್ ಅಬೌಟ್’ ಕೂಡ ಇದೇ ಜಾತಿ. ಡಿಸ್ಕಶನ್ ಜೊತೆ ಅಬೌಟ್ ಸರಿ, ಡಿಸ್ಕಸ್ ಜೊತೆ ಬೇಡ. ಕಚೇರಿ ಪತ್ರದಲ್ಲಿ ಅತಿ ಹೆಚ್ಚು ಕಾಣುವ ‘ಡಿಸ್ಪೋಸ್ಡ್ ಆಫ್’ನಲ್ಲಿ ತಪ್ಪು ಕಾಗುಣಿತದ್ದು. ಒಂದೇ ಎಫ್ ಇರುವ ಪ್ರಿಪೊಸಿಷನ್ ಬೇಕಾದಲ್ಲಿ ಎರಡು ಎಫ್ ಬೀಳುತ್ತವೆ. ಒಂದು ಎಫ್‌ನದ್ದನ್ನು ಇಂಗ್ಲಿಷರು ‘ಅವ್’ಗೆ ಹತ್ತಿರವಾಗಿ ಉಚ್ಚರಿಸುತ್ತಾರೆ, ನಾವು ಎರಡನ್ನೂ ಆಫ್ ಎನ್ನುತ್ತೇವೆ, ಕನ್ನಡ ಲಿಪಿಯಲ್ಲೂ ಎರಡೂ ಆಫ್. ರೈಟ್ ಆಫ್, ಸ್ಟ್ರೈಕ್ ಆಫ್‌ಗೆ ಎರಡು ಎಫ್. ಡಿಸ್ಪೋಸ್‌ಗೆ, ರನ್ ಔಟ್ ಜೊತೆ ಬರುವುದಕ್ಕೆ ಒಂದು.

ಕಂಬ ಎದ್ದ ಮಾತ್ರಕ್ಕೆ ತಪ್ಪು ಎಂದಲ್ಲ. ‘ಗೆಟ್ ಡೌನ್ ಅಟ್ ಕುಮಟಾ’ ಎಂದರೆ ಬಸ್ಸಿನಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ. ಆದರೆ ಬೇರೆ ದೇಶದವರಿಗೆ ದಾರಿ ಬರೆದು ಕಳಿಸುವಾಗ ಬಸ್ಸು, ರೈಲಿಗೆ ಗೆಟ್ ಆಫ್, ಕಾರು ಆಟೋಗಳಿಗೆ ಗೆಟ್ ಔಟ್ ಆಫ್ ಬರೆಯುವುದು ಒಳ್ಳೆಯದು. ಅವರಲ್ಲಿ ಕೆಲವರಿಗೆ ಗೆಟ್ ಡೌನ್ ಎಂದರೆ ತಲೆ ತಗ್ಗಿಸಿ ಕೂರು. ‘ಪಾಸ್ಡ್ ಔಟ್ ಇನ್ 2019’ ಎಂದು ಬಯೊಡೇಟಾದಲ್ಲಿ ಬರೆದರೆ ಭಾರತದ ಕಂಪನಿಗೆ ಸರಿ, ಹೊರಗಿನವರಿಗೆ ಮೂರ್ಛೆ ಹೋದ ವರ್ಷ. ಕಾರವಾರದ ನೌಕಾನೆಲೆಯ ಸುತ್ತಮುತ್ತ ಇರುವವರಿಗೆ ಇದು ಬೇರೆ ರೀತಿ ಪರಿಚಿತ, ಏಕೆಂದರೆ ಸೈನಿಕ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲೂ ಪಾಸ್ ಔಟ್ ಎಂದೇ ಹೇಳುತ್ತಾರೆ. ಪಾಸಿಂಗ್ ಔಟ್ ಪರೇಡ್ ಅದರದ್ದೇ. ಫಾಲ್ ಇನ್, ಫಾಲ್ ಔಟ್ ಎಂಬ ಕವಾಯತು ಆಜ್ಞೆಗಳೂ ಹಾಗೇ: ಸಾಲಿಗೆ ಬಾ, ಸಾಲು ಬಿಡು. ಹೊರಗಿನ ಮಾತಿನಲ್ಲಿ ಫಾಲ್ ಔಟ್ ವಿತ್ ಎಂದರೆ ಜಗಳವಾಡಿ ದೂರವಾಗು. ‘ಪುಟ್ ಅಪ್ ದ ಫೈಲ್’ (ಕಡತ ಮಂಡಿಸು) ನಮ್ಮ ಸರಕಾರಿ ಕಚೇರಿಯದ್ದೇ ಬಳಕೆ, ‘ವೇರ್ ಆರ್ ಯು ಪುಟ್ ಅಪ್’ (ಎಲ್ಲಿ ಉಳಿದಿದ್ದೀರಿ) ಕೂಡ ನಮ್ಮ ಕಡೆಯದ್ದೇ. ಇವನ್ನು ಬ್ರಿಟಿಷ್ ಕಲಿಕಾ ನಿಘಂಟಿನಲ್ಲಿ ಹುಡುಕುತ್ತ ಕೂರುವುದರಲ್ಲಿ ಲಾಭವಿಲ್ಲ.

ಕಾರ್ಪಸ್‌ನಲ್ಲಿ ಹುಡುಕುವ ಕ್ರಮ ಕಷ್ಟವಲ್ಲ. ಕ್ರಿಯಾಪದವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ ಅದರ ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ನಡುವೆ ನಕ್ಷತ್ರ ಚಿಹ್ನೆ ಇಟ್ಟರೆ ಯಾವುದೋ ಒಂದು ಪದಕ್ಕೆ ಜಾಗ. ದೊಡ್ಡಕ್ಷರದ ಪುಟ್, ನಕ್ಷತ್ರ, ಸಣ್ಣಕ್ಷರದ ಆಫ್ ಎಂದು ಕೊಟ್ಟರೆ ನಡುವೆ ಏನೇನು ಕೂರುತ್ತದೆ ಎಂಬ ಪಟ್ಟಿ ಸಿಗುತ್ತದೆ. ಇಟ್, ದೆಮ್, ಮಿ ಅಲ್ಲಿ ಕಾಣಿಸಿಕೊಂಡರೆ ಆ ಜೋಡಿ ಒಡೆಯುತ್ತದೆ ಎಂದು ಖಾತ್ರಿ. ಬಂದ ಸಾಲುಗಳನ್ನು ತೆರೆದು ಓದಬೇಕು, ಬರೀ ಸಂಖ್ಯೆ ನಂಬಬಾರದು. ‘ರನ್ ಅಪ್’ ಹಾಕಿದರೆ ಗುಡ್ಡ ಹತ್ತಿದವರೂ ಸಾಲ ಮಾಡಿದವರೂ ಒಂದೇ ಲೆಕ್ಕದಲ್ಲಿ ಸೇರಿರುತ್ತಾರೆ. ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ ಸ್ಕೆಲ್ ಎಂಬ ತಾಣ ಸಾಕು: ನೋಂದಣಿ ಇಲ್ಲ, ಜೋಡಿ ಕೊಟ್ಟರೆ ಸರಳ ವಾಕ್ಯಗಳು ಸಾಲಾಗಿ ಬರುತ್ತವೆ, ಪುಟವೂ ಹಗುರ. ಗೂಗಲ್ ಎನ್‌ಗ್ರಾಮ್ ಪುಸ್ತಕಗಳ ಭಾಷೆಯನ್ನು ಮಾತ್ರ ತೋರಿಸುತ್ತದೆ, ಫಿಲ್ ಇನ್–ಫಿಲ್ ಔಟ್‌ನಂಥ ಬ್ರಿಟಿಷ್–ಅಮೆರಿಕನ್ ಹೋಲಿಕೆಗೆ ಸಾಕು, ಮಾತಿನ ಬಳಕೆಗೆ ಸಾಲದು. ಒತ್ತು ಕೇಳಬೇಕಾದರೆ ಯೂಗ್ಲಿಷ್: ಟೈಪು ಮಾಡಿದ ಜೋಡಿಯನ್ನು ಯಾರೋ ಹೇಳುವ ವಿಡಿಯೊ ತುಣುಕುಗಳು ಒಂದರ ಹಿಂದೊಂದು ಬರುತ್ತವೆ. ಡಾಟಾ ತಿನ್ನುತ್ತದೆ.

ಝೆರಾಕ್ಸ್ ಪಟ್ಟಿ ಮತ್ತು ಕನ್ನಡ ಅರ್ಥ

‘ಸಾವಿರ ಫ್ರೇಸಲ್ ವರ್ಬ್’ ಮಾದರಿಯ ಪಿಡಿಎಫ್‌ಗಳು ವಾಟ್ಸ್ಯಾಪಿನಲ್ಲಿ ಓಡಾಡಿ ಕೊನೆಗೆ ಝೆರಾಕ್ಸ್ ಅಂಗಡಿಗೆ ಬಂದು ಸ್ಪೈರಲ್ ಆಗುತ್ತವೆ. ಇವುಗಳಿಗೆ ಖರ್ಚು ಮಾಡಬೇಡಿ. ಒಂದು ಜೋಡಿಗೆ ಒಂದೇ ಅರ್ಥ, ಕರ್ಮಪದದ ಜಾಗದ ಸುದ್ದಿಯೇ ಇಲ್ಲ, ವಾಕ್ಯ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. ಅಕಾರಾದಿ ಜೋಡಣೆ ಇನ್ನೊಂದು ಕೇಡು. ಗೆಟ್ ಅಕ್ರಾಸ್, ಗೆಟ್ ಅಲಾಂಗ್, ಗೆಟ್ ಅವೇ, ಗೆಟ್ ಬೈ ಎಂದು ಒಂದೇ ದಿನ ಉರು ಹೊಡೆದರೆ ಯಾವುದರ ಅರ್ಥ ಯಾವುದಕ್ಕೆ ಎಂಬುದೇ ಕಲಸಿಹೋಗುತ್ತದೆ, ಏಕೆಂದರೆ ನೆನಪು ಹಿಡಿದುಕೊಳ್ಳಬೇಕಾದ ಗುರುತು (ಗೆಟ್) ಎಲ್ಲದಕ್ಕೂ ಒಂದೇ.

ಸಾವಿರ ಬೇಕಾಗಿಯೂ ಇಲ್ಲ. ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವೀಸ್ 2007ರಲ್ಲಿ ಬ್ರಿಟಿಷ್ ಕಾರ್ಪಸ್ ಜಾಲಾಡಿ, 20 ಕ್ರಿಯಾಪದಗಳೇ ಒಟ್ಟು ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಹೆಚ್ಚನ್ನು ಹೊತ್ತಿವೆ ಎಂದು ತೋರಿಸಿದರು. ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ 2015ರಲ್ಲಿ ಪ್ರಕಟಿಸಿದ ಫೇವ್ ಪಟ್ಟಿಯಲ್ಲಿ ಇರುವುದು 150 ಜೋಡಿ ಮಾತ್ರ. ಒಂದು ಜೋಡಿಗೆ ಸರಾಸರಿ ಐದಕ್ಕೂ ಹೆಚ್ಚು ಅರ್ಥಗಳಿದ್ದರೂ ನಿಜವಾದ ಬಳಕೆಯ ಮುಕ್ಕಾಲು ಭಾಗವನ್ನು ಒಂದೆರಡು ಅರ್ಥಗಳೇ ಮುಚ್ಚಿಬಿಡುತ್ತವೆ ಎಂದು ಕಂಡು, ಆ ಅರ್ಥಗಳನ್ನಷ್ಟೇ ಇಟ್ಟು ಉಳಿದದ್ದನ್ನು ಬಿಟ್ಟರು. ಪಟ್ಟಿಯ ಮೊದಲ ಸ್ಥಾನ ‘ಗೋ ಆನ್’ಗೆ, ಅದರಲ್ಲೂ ‘ನಡೆಯುತ್ತಿದೆ’ ಎಂಬ ಅರ್ಥ ಮುಂದೆ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಪಿಡಿಎಫ್ ಸಾವಿರಕ್ಕಿಂತ ಈ 150 ಗಟ್ಟಿ ತಳಪಾಯ. ಕಚೇರಿಗೆ, ಹೋಮ್‌ಸ್ಟೇಗೆ ಬೇಕಾದ ಕೆಲವನ್ನು ಮೇಲೆ ಸೇರಿಸಿಕೊಂಡರಾಯಿತು.

ಕನ್ನಡ ಅರ್ಥ ಬೇಕೆನಿಸಿದಾಗ ಯಂತ್ರಾನುವಾದಕ್ಕೆ ಎರಡು ಪದ ಮಾತ್ರ ಕೊಡುವುದು ತಪ್ಪು ದಾರಿ. ಬರಿದೇ ‘ಟೇಕ್ ಆಫ್’ ಎಂದು ಕೊಟ್ಟರೆ ವಿಮಾನ ಏರಬೇಕೋ, ಚಪ್ಪಲಿ ಕಳಚಬೇಕೋ, ರಜೆ ಹಾಕಬೇಕೋ ಅದಕ್ಕೆ ತಿಳಿಯುವುದು ಹೇಗೆ? ಇಡೀ ವಾಕ್ಯ ಕೊಡಿ, ಬಂದ ಕನ್ನಡವನ್ನು ಆಕ್ಸ್‌ಫರ್ಡ್ ಪುಟದ ಅರ್ಥಗಳ ಜೊತೆ ತಾಳೆ ನೋಡಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಮನೆಯಲ್ಲಿದ್ದರೆ ಅರ್ಥಕ್ಕೆ ಅದೂ ಒಳ್ಳೆಯ ಆಸರೆ, ಆದರೆ ಇಟ್ ಎಲ್ಲಿಡಬೇಕು ಎಂಬ ಪ್ರಶ್ನೆಗೆ ಮತ್ತೆ ಬಾಣ ಇರುವ ಪುಟಕ್ಕೇ ಬರಬೇಕು.

ಬರೆದಿಟ್ಟುಕೊಳ್ಳುವ ಕ್ರಮ

ನೋಟುಬುಕ್ಕಿನಲ್ಲಿ ‘ಪುಟ್ ಆಫ್ = ಮುಂದೂಡು’ ಎಂದು ಬರೆಯುವುದು ಝೆರಾಕ್ಸ್ ಪಟ್ಟಿಯನ್ನು ಕೈಯಲ್ಲಿ ನಕಲು ಮಾಡಿದಂತೆ. ಬದಲಿಗೆ ಇಟ್ ಅಥವಾ ದೆಮ್ ಸಮೇತ ಬರೆಯಿರಿ: ‘ಪುಟ್ ಇಟ್ ಆಫ್’, ‘ಲುಕ್ ಆಫ್ಟರ್ ದೆಮ್’, ‘ರನ್ ಔಟ್ ಆಫ್ ಇಟ್’. ಜಾಗ ತಾನೇ ನೆನಪಿನಲ್ಲಿ ಕೂರುತ್ತದೆ. ಕೆಳಗೆ ನಿಮ್ಮ ಕೆಲಸದ್ದೇ ಒಂದು ವಾಕ್ಯ. ದೋಣಿಯವರಾದರೆ ಹಗ್ಗ ಬಿಚ್ಚಿ ಹೊರಡುವುದಕ್ಕೆ ಕಾಸ್ಟ್ ಆಫ್, ಬಲೆ ಎಳೆಯುವುದಕ್ಕೆ ಹಾಲ್ ಇನ್. ಹೋಮ್‌ಸ್ಟೇಯವರಾದರೆ ಪಿಕ್ ಅಪ್, ಡ್ರಾಪ್ ಆಫ್, ಚೆಕ್ ಇನ್. ಬೋರ್ಡು ಬರೆಸುವಾಗ ನೆನಪಿಡಿ: ಕ್ರಿಯೆಯಾದರೆ ಎರಡು ಬೇರೆ ಪದ, ನಾಮಪದವಾದರೆ ನಡುವೆ ಹೈಫನ್ ಅಥವಾ ಒಟ್ಟಿಗೆ. ‘ಚೆಕ್–ಇನ್ ಟೈಮ್’ಗೆ ಹೈಫನ್ ಬೇಕು, ‘ಪ್ಲೀಸ್ ಚೆಕ್ ಇನ್ ಬಿಫೋರ್ ಟೆನ್’ಗೆ ಬೇಡ. ಲಾಗಿನ್, ಸೆಟಪ್, ಬ್ಯಾಕಪ್‌ಗಳಿಗೂ ಇದೇ ಲೆಕ್ಕ.

ಇನ್ನೊಂದು ನಮ್ಮದೇ ಕನ್ನಡದ ಕಾಟ. ಲೈಟ್ ಆಫ್ ಮಾಡು, ಫ್ಯಾನ್ ಆನ್ ಮಾಡು ಎಂದು ಹೇಳಿ ರೂಢಿಯಾದವರ ಇಂಗ್ಲಿಷಿನಲ್ಲಿ ಕ್ರಿಯೆಯೇ ಕಳೆದುಹೋಗಿ ‘ಆಫ್ ದ ಲೈಟ್’ ಉಳಿಯುತ್ತದೆ. ಮಾಡು ಇದ್ದ ಜಾಗದಲ್ಲಿ ಟರ್ನ್ ಅಥವಾ ಸ್ವಿಚ್ ಬರಬೇಕು.

ಸಿಗ್ನಲ್ಲಿಲ್ಲದ ಕಡೆ ಇರುವವರಿಗೆ ಮುದ್ರಿತ ಪುಸ್ತಕವೇ ಗತಿ. ಕಾಲಿನ್ಸ್ ಕೋಬಿಲ್ಡ್ ಫ್ರೇಸಲ್ ವರ್ಬ್ ನಿಘಂಟು 1989ರಲ್ಲಿ ಮೊದಲು ಬಂದದ್ದು, ಕೊನೆಯಲ್ಲಿ ಪಾರ್ಟಿಕಲ್ ಸೂಚಿ ಇದೆ: ಅಪ್ ಏನೇನು ಅರ್ಥ ಹೊರುತ್ತದೆ, ಆಫ್ ಏನೇನು ಹೊರುತ್ತದೆ ಎಂದು ಗುಂಪು ಮಾಡಿ ತೋರಿಸಿದ್ದಾರೆ. ಪೂರ್ತಿಯಾಗುವುದಕ್ಕೆ ಅಪ್ (ಯೂಸ್ ಅಪ್, ಡ್ರೈ ಅಪ್), ಬೇರ್ಪಡುವುದಕ್ಕೆ ಆಫ್ (ಪೀಲ್ ಆಫ್, ಕಟ್ ಆಫ್), ಮುಂದುವರಿಯುವುದಕ್ಕೆ ಆನ್ (ಕ್ಯಾರಿ ಆನ್, ಗೋ ಆನ್). ಎಲ್ಲ ಜೋಡಿಗೂ ಇದು ಒಗ್ಗುವುದಿಲ್ಲ, ಆದರೆ ಗೊತ್ತಿಲ್ಲದ ಜೋಡಿ ಎದುರಾದಾಗ ಊಹೆಗೆ ಒಂದು ನೆಲೆ ಸಿಗುತ್ತದೆ. ಅಭ್ಯಾಸ ಬೇಕಾದವರಿಗೆ ಕೇಂಬ್ರಿಜ್‌ನ ಫ್ರೇಸಲ್ ವರ್ಬ್ಸ್ ಇನ್ ಯೂಸ್, ಮಧ್ಯಮ ಹಂತದ್ದು: 70 ಪಾಠ, ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಪ್ರಶ್ನೆ, ಹಿಂದೆ ಉತ್ತರ. ಕೋಬಿಲ್ಡ್‌ನ ಹಳೆಯ ಪ್ರತಿ ಸೆಕೆಂಡ್‌ಹ್ಯಾಂಡ್ ಸಿಕ್ಕರೂ ತಗೊಳ್ಳಬಹುದು. ಇಂಟರ್‌ನೆಟ್ ಕಾಲದ ಲಾಗ್ ಇನ್, ಸ್ಕ್ರೋಲ್ ಡೌನ್‌ನಂಥವು ಅದರಲ್ಲಿ ಇರಲಿಕ್ಕಿಲ್ಲ, ಉಳಿದದ್ದು ಹಳತಾಗಿಲ್ಲ. ಅಭ್ಯಾಸ ಪುಸ್ತಕ ಮಾತ್ರ ಸೆಕೆಂಡ್‌ಹ್ಯಾಂಡ್ ತರುವಾಗ ಬಲಪುಟಗಳನ್ನು ತಿರುವಿ ನೋಡಿ. ಹಿಂದಿನವರು ಉತ್ತರಗಳನ್ನು ಪೆನ್ನಿನಲ್ಲಿ ತುಂಬಿದ್ದರೆ ಅರ್ಧ ಬೆಲೆಗೂ ಬೇಡ.